ಕುರುಗೋಡು ಬೆಟ್ಟಗಳೂ ಬಾದನಹಟ್ಟಿಯ ಮಾಳಿಗೆಯೂ: ಅಂಕಣವನ್ನು ಕುರಿತು ಒಂದು ವಿವೇಚನೆ

ಬಳ್ಳಾರಿಯಿಂದ ಉತ್ತರಕ್ಕೆ, ತುಸು ಪಶ್ಚಿಮವಾಗಿ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ಎರೆಮಣ್ಣಿನ ಸಮತಟ್ಟಾದ ಬಯಲು. ಆ ಬಯಲಿನ ನಡುವೆ, ಯಾರೋ ಬಂಡೆಗಳನ್ನು ತಂದು ರಾಶಿ ಹಾಕಿರುವರೋ ಎಂಬಂತೆ, ಕುರುಗೋಡಿನ ಬೆಟ್ಟಗಳು ಹಠಾತ್ತನೆ ಮೇಲೇಳುತ್ತವೆ. ಈ ಬೆಟ್ಟಗಳ ಮಗ್ಗುಲಲ್ಲೇ ಕುರುಗೋಡು ಇದೆ; ಅದರ ನೆರೆಯ ಗ್ರಾಮ ಬಾದನಹಟ್ಟಿ. ನಮ್ಮ ತರಗತಿಯ ಕೆಲವು ವಿದ್ಯಾರ್ಥಿಗಳು ಈ ಭಾಗದವರು. ಕಳೆದ ಫೆಬ್ರವರಿಯ ಒಂದು ಶನಿವಾರ ಮತ್ತು ಆದಿತ್ಯವಾರ ಅವರೊಡನೆ ಈ ಬೆಟ್ಟಗಳನ್ನೂ ಅವುಗಳ ತಪ್ಪಲಿನ ಕಟ್ಟಡಗಳನ್ನೂ ನೋಡಿಬಂದೆವು. ಸಂಚಾರದ ಕಥನವು ಪ್ರಕೃತ ಲೇಖನದ ಉದ್ದೇಶವಲ್ಲ. ಅಲ್ಲಿ ಕಂಡ ಒಂದು ಸಂಗತಿಯನ್ನು, ಎಂದರೆ ದೇವಾಲಯಕ್ಕೂ ಮನೆಗೂ ಸಮಾನವಾದ ‘ಅಂಕಣ’ವೆಂಬ ಅಳತೆಯನ್ನು, ವಿವರಿಸಬೇಕೆಂಬುದಷ್ಟೇ ನಮ್ಮ ಅಪೇಕ್ಷೆ. ಜೊತೆಗೆ ತರಗತಿಯಲ್ಲಿ ನಾನು ಕೆಲವು ವರ್ಷಗಳ ಕಾಲ ಹೇಳುತ್ತಬಂದ ಒಂದು ತಪ್ಪನ್ನು ತಿದ್ದುವ ಅಗತ್ಯವೂ ಇದೆ.

ಮೊದಲು ಆ ತಪ್ಪಿನ ಮಾತು. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದ ಮನೆತನದ ಒಂದು ಶಾಖೆಗೆ ರಾಜಧಾನಿಯಾಗಿತ್ತು. ಬಲ್ಲಕುಂದೆ ನಾಡನ್ನು ಆಳಿದ ಈ ಸಿಂದರು ಕಲ್ಯಾಣದ ಚಾಲುಕ್ಯರಿಗೂ, ನಡುವೆ ಕೆಲಕಾಲ ಕಳಚುರಿಗಳಿಗೂ ಸಾಮಂತರಾಗಿದ್ದವರು. ಇವರ ಕಾಲದ ಶಾಸನಗಳನ್ನು ಲಯನೆಲ್ ಬಾರ್ನೆಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿ ಪ್ರಕಟಿಸಿದ್ದಾರೆ. ಇಂದು ಯಾತ್ರಿಕರು ಕುರುಗೋಡಿಗೆ ಬರುವುದು ಮುಖ್ಯವಾಗಿ ದೊಡ್ಡಬಸವೇಶ್ವರನ ದರ್ಶನಕ್ಕೆ. ಸುಮಾರು 12 ಅಡಿ ಎತ್ತರದ ಆ ಏಕಶಿಲಾ ನಂದಿಯನ್ನು ಕಂಡವರು ಮರೆಯಲಾರರು. ಆದರೆ ವಾಸ್ತುವಿನ ಅಭ್ಯಾಸಿಗೆ ಅದಕ್ಕಿಂತ ಹೆಚ್ಚಿನ ಪ್ರಯೋಜನವಿರುವುದು ಬೆಟ್ಟದ ಬುಡದ ಹಳೆಯ ಕುರುಗೋಡಿನ ಸಣ್ಣ ದೇವಾಲಯಗಳಲ್ಲಿ. ಇವು ಗಾರೆಯಿಲ್ಲದೆ ಕಣಶಿಲೆಯ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ ಕಟ್ಟಿದವು. ಗೋಡೆಗಳು ಬೋಳು, ಕಂಬಗಳು ಸರಳ, ಶಿಖರ ಉಳಿದಿರುವ ಕಡೆ ಅದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತ ಕಿರಿದಾಗುವ ಚೌಕನೆಯ ಗೋಪುರ.

ಇಂತಹ ಶಿಖರವುಳ್ಳ ಗುಡಿಗಳನ್ನೆಲ್ಲ ಜೈನ ಬಸದಿಗಳೆಂದು ಕರೆಯುವ ರೂಢಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವರದಿಗಳಿಂದ ಬಂದದ್ದು. ಹಂಪೆಯ ಹೇಮಕೂಟದ ಗುಡಿಗಳಿಗೂ ಇದೇ ಹೆಸರು ಅಂಟಿಕೊಂಡಿತು. ಮಾರ್ಗದರ್ಶಕರ ಬಾಯಲ್ಲಿ ಅದು ಇಂದಿಗೂ ಕೇಳಿಬರುವುದುಂಟು. ನಾನೂ ಪರಿಶೀಲಿಸದೆ ಅದನ್ನೇ ಪಾಠ ಹೇಳುತ್ತಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಹಳೆಯ ಕುರುಗೋಡಿನ ಒಂದು ಗುಡಿಯೊಳಗೆ ನಿಂತು ಅದನ್ನೇ ಮತ್ತೆ ಹೇಳಲು ತೊಡಗಿದಾಗ, ಬಾದನಹಟ್ಟಿಯ ವಿದ್ಯಾರ್ಥಿನಿಯೊಬ್ಬಳು ಒಳಗಿನ ಲಿಂಗಪೀಠವನ್ನು ತೋರಿಸಿ, “ಹಾಗಾದರೆ ಇದು ಯಾವಾಗ ಬಂತು, ಸರ್?” ಎಂದು ಕೇಳಿದಳು. ‘ಆಮೇಲೆ ಬಂದಿರಬೇಕು’ ಎಂಬ ಸುಲಭವಾದ ಉತ್ತರವಿತ್ತು. ಆದರೆ ಅದಕ್ಕೆ ಆಧಾರವಿರಲಿಲ್ಲ. ಹೇಮಕೂಟದ ವಿಷಯದಲ್ಲಂತೂ ಶಾಸನವೇ ಸಾಕ್ಷಿ: ಅಲ್ಲಿಯ ಒಂದು ತ್ರಿಕೂಟ ದೇವಾಲಯವನ್ನು ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲದೇವನು ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಟ್ಟಿಸಿ ಶಿವಲಿಂಗಗಳನ್ನು ಸ್ಥಾಪಿಸಿದನೆಂದು ಅದು ತಿಳಿಸುತ್ತದೆ. ಮತ್ತೊಂದು ಕಡೆ, ಅದೇ ಹಂಪೆಯಲ್ಲಿ ಇರುಗಪ್ಪ ದಂಡನಾಯಕನು 1385ರಲ್ಲಿ ಕಟ್ಟಿಸಿದ, ಗಾಣಗಿತ್ತಿ ಎಂದು ಹೆಸರಾದ ಬಸದಿ ನಿಸ್ಸಂದೇಹವಾಗಿ ಜೈನವಾದುದು. ಅದರ ಮೇಲೂ ಇದೇ ಮೆಟ್ಟಿಲು ಶಿಖರವಿದೆ. ಎಂದಮೇಲೆ ಶಿಖರದ ಆಕಾರದಿಂದ ಮತವನ್ನು ಊಹಿಸುವುದು ಸಾಧುವಲ್ಲ. ಜೈನರು ಈ ನಾಡಿನಲ್ಲಿ ಪ್ರಬಲರಾಗಿದ್ದುದು ನಿಜ, ಕೋಗಳಿಯ ಬಸದಿಯ ಪ್ರಸಿದ್ಧಿಯೂ ನಿಜ. ಆದರೆ ಕುರುಗೋಡಿನ ಲಿಂಗಪೀಠಗಳನ್ನೂ ನಂದಿಗಳನ್ನೂ ಪಕ್ಕಕ್ಕಿಟ್ಟು ಗುಡಿಯ ಮಾಡನ್ನು ಮಾತ್ರ ನೋಡಿ ತೀರ್ಪು ಕೊಡುವುದು ಇತಿಹಾಸಕಾರನ ಕೆಲಸವಲ್ಲ.

ಹಾಗಾದರೆ ಈ ಆಕಾರ ಬಂದುದೆಲ್ಲಿಂದ? ಶಿಲ್ಪಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಫಾಂಸನಾ ಎನ್ನುತ್ತಾರೆ; ಕನ್ನಡದ ವಿದ್ವಾಂಸರು ಕದಂಬನಾಗರವೆಂಬ ಹೆಸರನ್ನೂ ಬಳಸಿದ್ದಾರೆ. ಇದರ ರಚನಾಕ್ರಮ ಬಹು ಸರಳವಾದುದು. ಗರ್ಭಗೃಹದ ನಾಲ್ಕು ಗೋಡೆಗಳ ಮೇಲೆ ಚಪ್ಪಡಿಗಳ ಒಂದು ವರಸೆಯನ್ನು ಹೂಡಿ, ಅದರ ಮೇಲಿನ ವರಸೆಯನ್ನು ತುಸು ಒಳಕ್ಕೆ ಸರಿಸಿ ಇಡುತ್ತಾರೆ. ಅದರ ಮೇಲಿನದನ್ನು ಇನ್ನೂ ತುಸು ಒಳಕ್ಕೆ. ಹೀಗೆ ಮಾಡುತ್ತ ಹೋದರೆ ಮೇಲಿನ ತೆರಪು ಒಂದೇ ಕಲ್ಲಿನಿಂದ ಮುಚ್ಚುವಷ್ಟು ಕಿರಿದಾಗುತ್ತದೆ. ಕದಲಿಕಾ ಕರಣವೆಂಬುದು ಇದೇ. ಇಲ್ಲಿ ಕಮಾನಿಲ್ಲ, ಗಾರೆಯಿಲ್ಲ; ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸುತ್ತದೆ. ಹೂವಿನಹಡಗಲಿಯಲ್ಲಿಯೋ ಬಾಗಳಿಯಲ್ಲಿಯೋ ಚಾಲುಕ್ಯ ಶಿಲ್ಪಿಗಳು ಮೃದುವಾದ ಪದರುಗಲ್ಲನ್ನು ಬಳಸಿ, ಗೋಡೆಗಳ ಮೇಲೂ ಬಾಗಿಲವಾಡಗಳ ಮೇಲೂ ಮರದ ಕೆತ್ತನೆಯನ್ನು ನಾಚಿಸುವ ಕುಸುರಿ ಮಾಡಿದರು. ಆ ಊರುಗಳು 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ, ಈಗ ವಿಜಯನಗರ ಜಿಲ್ಲೆಗೆ ಸೇರಿವೆ. ಅಲೆಕ್ಸಾಂಡರ್ ರೀ ಅವರು 1896ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುವಿನ ಗ್ರಂಥದಲ್ಲಿ ಆ ಕೆತ್ತನೆಗಳ ನಕ್ಷೆಗಳನ್ನು ನೋಡಬಹುದು. ಕುರುಗೋಡಿನ ಶಿಲ್ಪಿಗೆ ಆ ಕಲ್ಲು ಕೈಯಳತೆಯಲ್ಲಿರಲಿಲ್ಲ. ಆತನ ಬೆಟ್ಟ ಕೊಟ್ಟದ್ದು ಕಣಶಿಲೆ: ಉಳಿಗೆ ಮಣಿಯದ, ಆದರೆ ಪದರಾಗಿ ಬಿಡುವ ಕಲ್ಲು. ಹಗಲಿನ ಕಾವು, ರಾತ್ರಿಯ ತಂಪು, ಮೇಲ್ಭಾರ ಕಳೆದುಹೋದ ಬಂಡೆಯ ಹಿಗ್ಗುವಿಕೆ ಇವುಗಳಿಂದ ಈ ಬೆಟ್ಟಗಳ ಮೈ ಈರುಳ್ಳಿಯ ಸಿಪ್ಪೆಯಂತೆ ಏಳುವುದನ್ನು ಯಾರಾದರೂ ಕಾಣಬಹುದು. ಅಂತಹ ಪದರಕ್ಕೆ ಸಾಲಾಗಿ ಗುಳಿ ತೋಡಿ ಬೆಣೆ ಹೊಡೆದರೆ ಚಪ್ಪಡಿ ಸಿದ್ಧ. ಚಪ್ಪಡಿಯನ್ನೇ ಕೊಡುವ ಬೆಟ್ಟದ ಬುಡದಲ್ಲಿ ಚಪ್ಪಡಿಯನ್ನೇ ಪೇರಿಸಿದ ಶಿಖರವೆದ್ದುದು ಆಶ್ಚರ್ಯವಲ್ಲ. ಈ ಗುಡಿಗಳ ಸರಳತೆಯನ್ನು ಬಡತನವೆಂದಾಗಲಿ, ಮತವೈಶಿಷ್ಟ್ಯವೆಂದಾಗಲಿ ಎಣಿಸುವ ಮೊದಲು ಕಲ್ಲನ್ನು ಕೇಳುವುದು ಒಳಿತು.

ಕಣಶಿಲೆಗೆ ಇನ್ನೊಂದು ಸ್ವಭಾವವುಂಟು. ಅದರ ಮೇಲೆ ಎಷ್ಟು ಭಾರ ಹೇರಿದರೂ ಅದು ತಾಳುತ್ತದೆ. ಆದರೆ ಎರಡು ತುದಿಗಳಲ್ಲಿ ಮಾತ್ರ ಆಸರೆ ಕೊಟ್ಟು ಉದ್ದವಾಗಿ ಮಲಗಿಸಿದರೆ ನಡುವೆ ಬಿರಿಯುತ್ತದೆ. ಆದುದರಿಂದ ಕಂಬದಿಂದ ಕಂಬಕ್ಕೆ ಇರುವ ಅಂತರ ಒಂದು ಮಿತಿಯನ್ನು ಮೀರುವಂತಿಲ್ಲ. ನಾಲ್ಕು ಕಂಬಗಳ ನಡುವಣ ಈ ಮಿತಿಯ ಜಾಗಕ್ಕೆ ಅಂಕಣವೆಂದು ಹೆಸರು. ನವರಂಗವೆಂದರೆ ಒಂಬತ್ತು ಅಂಕಣಗಳ ಮಂಟಪ. ಹಳೆಯ ಕುರುಗೋಡಿನ ಗುಡಿಯೊಂದರಲ್ಲಿ ನಾವು ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ನೋಡಿದೆವು. ಮೂರು ಹೆಜ್ಜೆಗಿಂತ ಹೆಚ್ಚಿರಲಿಲ್ಲ. ಆಗ ಅದೇ ವಿದ್ಯಾರ್ಥಿನಿ ಹೇಳಿದ ಮಾತಿನಿಂದ ನಮ್ಮ ಮರುದಿನದ ಕಾರ್ಯಕ್ರಮ ಬದಲಾಯಿತು. “ನಮ್ಮ ಮನೀನೂ ಅಂಕಣದ ಲೆಕ್ಕಾನ ಸರ್. ಐದಂಕಣದ ಮನಿ. ಬರೋ ವಾರ ಕೆಡವ್ತಾರ.”

ಆದಿತ್ಯವಾರ ಬೆಳಗ್ಗೆ ತೆಕ್ಕಲಕೋಟೆಗೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿದ್ದೆವು, ಅದನ್ನು ಬಿಡುವಂತಿರಲಿಲ್ಲ. ಸಿರುಗುಪ್ಪದ ದಾರಿಯಲ್ಲಿರುವ ಆ ಊರಿನ ಬೆಟ್ಟದ ಮೇಲೆ ಎಂ. ಎಸ್. ನಾಗರಾಜರಾಯರು 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪರವಾಗಿ ಉತ್ಖನನ ನಡೆಸಿ, ಕೆ. ಸಿ. ಮಲ್ಹೋತ್ರ ಅವರೊಡಗೂಡಿ 1965ರಲ್ಲಿ ವರದಿಯನ್ನು ಹೊರತಂದರು. ಬಳ್ಳಾರಿ ಸೀಮೆಯ ಬೆಟ್ಟಗಳು ನವಶಿಲಾಯುಗದ ಜನರ ನೆಲೆಗಳೆಂಬುದು ಅದಕ್ಕೂ ಮೊದಲೇ ತಿಳಿದಿತ್ತು. ರಾಬರ್ಟ್ ಬ್ರೂಸ್ ಫುಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳನ್ನು ಶೋಧಿಸಿದ್ದರು, ಬಿ. ಸುಬ್ಬರಾಯರು 1940ರ ದಶಕದಲ್ಲಿ ಸಂಗನಕಲ್ಲಿನಲ್ಲಿ ಅಗೆಸಿ ಕಾಲಾನುಕ್ರಮವನ್ನು ಗೊತ್ತುಪಡಿಸಿದ್ದರು. ತೆಕ್ಕಲಕೋಟೆಯ ವೈಶಿಷ್ಟ್ಯವೆಂದರೆ ಮನೆಗಳ ಕುರುಹು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮೊದಲರ್ಧದಲ್ಲಿ ಇಲ್ಲಿಯ ಜನ ಬಂಡೆಗಳ ನಡುವಣ ಜಾಗವನ್ನು ಕಲ್ಲುಚೂರು ತುಂಬಿ ಸಮಮಾಡಿ, ನೆಲವನ್ನು ಸಾರಿಸಿ, ದುಂಡನೆಯ ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ಗುಡಿಸಲಿನ ಮೇಲ್ಭಾಗ ಹೇಗಿದ್ದಿರಬೇಕೆಂದು ತಿಳಿಯಲು ನಾಗರಾಜರಾಯರು ಅದೇ ಊರಿನ ಬೋಯರ ಜೀವನಕ್ರಮವನ್ನು ಗಮನಿಸಿದರು. ಅಲ್ಲಿ ಉಳಿದುಬಂದ ನವಶಿಲಾಯುಗದ ಅಂಶಗಳನ್ನು ಕುರಿತು 1965ರಲ್ಲಿ ಅವರು ಬರೆದ ಪ್ರಬಂಧ ಇಂದಿಗೂ ಓದತಕ್ಕದ್ದು. ಅಗೆದ ಗುಂಡಿಯಿಂದ ಕಣ್ಣೆತ್ತಿ ಪಕ್ಕದ ಗುಡಿಸಲನ್ನು ನೋಡುವ ಆ ವಿಧಾನ ನಮ್ಮಲ್ಲಿ ಆಮೇಲೆ ಹೆಚ್ಚು ಬೆಳೆಯಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ನವಶಿಲಾಯುಗದ ಗುಡಿಸಲಿನಿಂದ ಸಿಂದರ ಗುಡಿಗೂ, ಅಲ್ಲಿಂದ ಇಂದಿನ ಮನೆಗೂ ಒಂದೇ ದಾರ ಎಳೆಯುವುದು ಮನಸ್ಸಿಗೆ ಹಿತವಾಗಿದ್ದರೂ ಸತ್ಯಕ್ಕೆ ದೂರ. ದುಂಡು ಗುಡಿಸಲಿಗೆ ಅಂಕಣವಿಲ್ಲ. ಅದರ ಬಿದಿರು ತಡಿಕೆಯ ಗೋಡೆ ಹಗುರ, ಹುಲ್ಲಿನ ಮಾಡು ಶಂಕುವಿನಾಕಾರ. ಅಂಕಣ ಬರುವುದು ತೊಲೆ ಬಂದಮೇಲೆ, ಎಂದರೆ ಮೇಲೆ ಭಾರವಾದುದನ್ನು ಹೊರಿಸಬೇಕಾದಾಗ. ಇವು ಎರಡು ಬೇರೆ ಬೇರೆ ಪರಂಪರೆಗಳು. ಒಂದೇ ಬೆಟ್ಟದ ಮಗ್ಗುಲಲ್ಲಿ ಎರಡೂ ನಮ್ಮ ಕಾಲದವರೆಗೆ ಬಾಳಿದವು.

ಮಧ್ಯಾಹ್ನದ ಹೊತ್ತಿಗೆ ಬಾದನಹಟ್ಟಿಯನ್ನು ಸೇರಿದೆವು. ಆ ಮನೆ ಊರೊಳಗಿನ ಒಂದು ಮಾಳಿಗೆ ಮನೆ. ಎರಡಡಿಗೂ ಮಿಕ್ಕಿದ ದಪ್ಪದ ಗೋಡೆ. ಕೆಳಗೆ ಕಲ್ಲು, ಮೇಲೆ ಮಣ್ಣು. ಬಾಗಿಲ ಹೊರಗೆ ಕಟ್ಟೆ, ಒಳಗೆ ಪಡಸಾಲೆ, ಅದರಿಂದೀಚೆ ದನದ ಜಾಗ, ಆಚೆ ಕತ್ತಲೆಯ ಅಡಿಗೆಮನೆ, ಅದಕ್ಕೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಕಂಬದಿಂದ ಕಂಬಕ್ಕೆ ಹಿಡಿದ ಟೇಪು ಎಂಟು ಅಡಿಯ ಆಸುಪಾಸಿನಲ್ಲಿ ನಿಂತಿತು. ಗುಡಿಯ ಮೂರು ಹೆಜ್ಜೆಯೂ ಅಷ್ಟೇ. ಗುಡಿಯಲ್ಲಿ ಕಲ್ಲಿನ ತೊಲೆಗಿದ್ದ ಮಿತಿಗೆ ಹತ್ತಿರದ ಮಿತಿಯೇ ಇಲ್ಲಿ ಮರದ ಜಂತಿಗೂ ಬಂದಿದೆ, ಆದರೆ ಕಾರಣ ಬೇರೆ. ಈ ಬಯಲುಸೀಮೆಯಲ್ಲಿ ಉದ್ದನೆಯ ದೃಢವಾದ ಮರ ಸುಲಭವಾಗಿ ಸಿಗದು. ಮೇಲೆ ಹೇರುವ ಮಣ್ಣಿನ ಭಾರವೋ ಅಲ್ಪವಲ್ಲ. ಮಾಳಿಗೆಯ ಮಣ್ಣು ಮುಕ್ಕಾಲು ಅಡಿ ದಪ್ಪವಿದ್ದರೆ, ಎಂಟು ಅಡಿ ಚೌಕದ ಒಂದು ಅಂಕಣದ ಮೇಲೆ ಎರಡು ಟನ್ನಿಗೂ ಮಿಕ್ಕಿದ ತೂಕ ಕುಳಿತಿರುತ್ತದೆ. ಮನೆಯನ್ನು ಅಡಿಗಳಲ್ಲಿ ಹೇಳದೆ ಮೂರಂಕಣ, ಐದಂಕಣವೆಂದು ಹೇಳುವುದರ ಅರ್ಥ ಇದೇ. ಅದು ವಿಸ್ತೀರ್ಣವನ್ನೂ ಹೇಳುತ್ತದೆ, ಮನೆತನಕ್ಕೆ ಎಷ್ಟು ಕಂಬ, ಎಷ್ಟು ತೊಲೆ ಒದಗಿತ್ತೆಂಬುದನ್ನೂ ಹೇಳುತ್ತದೆ.

ಮಾಳಿಗೆಯ ರಚನೆಯನ್ನು ತುಸು ವಿಸ್ತಾರವಾಗಿ ಹೇಳುವುದು ಅವಶ್ಯ, ಏಕೆಂದರೆ ಇದನ್ನು ಬಲ್ಲ ಕೈಗಳು ಕಡಮೆಯಾಗುತ್ತಿವೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಅಡ್ಡಲಾಗಿ ಜಂತಿ, ಜಂತಿಗಳ ಮೇಲೆ ಒತ್ತಾಗಿ ಸೀಳುಗಟ್ಟಿಗೆ. ಅದರ ಮೇಲೆ ಬಂದರಿಕೆಯಂತಹ ಗಿಡಗಳ ತೊಪ್ಪಲನ್ನು ಹಾಸಿ, ಕಲಸಿದ ಮಣ್ಣನ್ನು ಮೆತ್ತುತ್ತಾರೆ. ಕಟ್ಟಕಡೆಯ ಹೊದಿಕೆ ಚೌಳು ಮಣ್ಣು. ಚೌಳೆಂದರೆ ಬೆಳೆ ಬಾರದ ಉಪ್ಪುನೆಲ, ರೈತನಿಗೆ ಶಾಪ. ಆದರೆ ಅದನ್ನೇ ಕೆರೆದು ತಂದು ಮಾಳಿಗೆಯ ಮೇಲೆ ಹರವಿದರೆ ಮಳೆಯ ನೀರು ಒಳಗಿಳಿಯದು. ಕಾರಣವಿಷ್ಟೆ: ಆ ಮಣ್ಣಿನಲ್ಲಿರುವ ಸೋಡಿಯಂ ಲವಣದ ದೆಸೆಯಿಂದ ಜೇಡಿಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರನ್ನು ಬೇರಿಗೆ ಬಿಡದ ಗುಣವೇ ಮಾಳಿಗೆಯಲ್ಲಿ ಮನೆಯನ್ನು ಕಾಯುತ್ತದೆ. ಜೊತೆಗೆ ಉಪ್ಪುಮಣ್ಣಿನಲ್ಲಿ ಹುಲ್ಲು ಏಳುವುದು ಕಷ್ಟ; ಹುಲ್ಲು ಬೆಳೆದರೆ ಬೇರು ಇಳಿದು ದಾರಿಮಾಡುತ್ತದೆ, ಅಲ್ಲಿಂದ ಸೋರಿಕೆ ಆರಂಭ. ಮಾಳಿಗೆಯ ಸುತ್ತಲೂ ಕುಂಬಿ ಕಟ್ಟಿ, ಹರನಾಳಿಗೆಯ ಕಡೆಗೆ ತುಸು ಇಳಿಜಾರು ಕೊಟ್ಟಿರುತ್ತಾರೆ. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆ ಬೀಳುವ, ಬೇಸಗೆಯಲ್ಲಿ ನಲವತ್ತು ಡಿಗ್ರಿಗೂ ಮೇಲೆ ಕಾಯುವ ಈ ಸೀಮೆಗೆ ಇದಕ್ಕಿಂತ ತಕ್ಕುದಾದ ಮೇಲ್ಛಾವಣಿಯನ್ನು ಕಲ್ಪಿಸುವುದು ಕಠಿನ. ಹೊರಗಿನ ಬಿಸಿಲಿನಿಂದ ಬಂದ ನಮಗೆ ಪಡಸಾಲೆಯ ತಂಪು ಅದನ್ನು ಬೇರೆ ಹೇಳಬೇಕಾದ ಅಗತ್ಯವನ್ನುಳಿಸಲಿಲ್ಲ.

ಆದರೂ ಆ ಮನೆಯನ್ನು ಕೆಡವುತ್ತಿದ್ದಾರೆ. ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯಲ್ಲಿ ಮಣ್ಣಿನ ಮನೆಗಳು ಅಸಂಖ್ಯವಾಗಿ ಕುಸಿದವು, ಪ್ರಾಣಗಳೂ ಹೋದವು. ಆಮೇಲೆ ಸರಕಾರದ ಆಸರೆ ಯೋಜನೆಯಲ್ಲಿ ಎದ್ದವು ಕಾಂಕ್ರೀಟಿನ ಮನೆಗಳು. ಒಂದೇ ಸಮನೆ ನಾಲ್ಕಾರು ದಿನ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ, ಅದೇ ಹೊತ್ತಿಗೆ ಗೋಡೆಯ ಬುಡ ಮೆತ್ತಗಾಗುತ್ತದೆ. ಈ ಎರಡೂ ಕೂಡಿದರೆ ಮನೆ ನಿಲ್ಲದು. ಮಾಳಿಗೆಯನ್ನು ಹೊಗಳುವ ನಗರವಾಸಿ ಅದರ ಕೆಳಗೆ ಮಳೆಗಾಲದ ಒಂದು ರಾತ್ರಿಯನ್ನಾದರೂ ಎಚ್ಚರವಾಗಿ ಕಳೆದಿರಬೇಕು.

ಆ ಮನೆಯ ಹಿರಿಯರನ್ನು ಕೇಳಿದಾಗ ಅವರು ಹೇಳಿದ ಕಾರಣ ಮಾತ್ರ ಬೇರೆಯಾಗಿತ್ತು. “ಮಾಳಿಗಿ ಮಳೀಗೆ ಬೀಳಂಗಿಲ್ರೀ ಸರ್. ವರ್ಷಾ ವರ್ಷಾ ಮ್ಯಾಲೆ ಹತ್ತಿ ಚೌಳು ಹಾಕೋರಿಲ್ದ ಬೀಳ್ತತಿ.” ಮೊದಲು ಮುಂಗಾರಿಗೆ ಮುಂಚೆ ಓಣಿಯವರೆಲ್ಲ ಸೇರಿ ಗಾಡಿಗಳಲ್ಲಿ ಚೌಳು ಹೊಡೆದು ಒಬ್ಬರ ಮಾಳಿಗೆಗೆ ಒಬ್ಬರು ಹಾಕುತ್ತಿದ್ದರಂತೆ. ಈಗ ಎತ್ತಿನ ಗಾಡಿಗಳಿಲ್ಲ. ದುಡಿಯುವ ವಯಸ್ಸಿನವರಿಗೆ ಬಿಡುವಿಲ್ಲ. ಇದರ ಹಿಂದೆ ಕಾಲುವೆಯ ಕಥೆಯೂ ಇದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರ ನಂತರ ಬಲದಂಡೆಯ ಕಾಲುವೆಗಳಿಗೆ ನೀರು ಹರಿದಮೇಲೆ ಈ ಸೀಮೆಯ ಜೋಳದ ಹೊಲಗಳಲ್ಲಿ ಬಹುಭಾಗ ಭತ್ತದ ಗದ್ದೆಯಾಯಿತು. ಮುಂಗಾರಿಗೆ ಮುಂಚಿನ ಆ ಬಿಡುವು ಹೋಯಿತು. ಚೌಳು ತರುತ್ತಿದ್ದ ಊರ ಹೊರಗಿನ ಬೀಳುಜಾಗವೂ ಗದ್ದೆಯಾಗಿದೆಯೆಂದು ಅವರು ಕೈ ತೋರಿಸಿದರು. ಅದೇ ಕಾಲುವೆಯ ಅತಿನೀರಿನಿಂದ ಬೇರೆಡೆ ಒಳ್ಳೆಯ ಹೊಲಗಳು ಚೌಳಾಗಿವೆ. ಚೌಳು ಹೆಚ್ಚಿತು, ಮಾಳಿಗೆ ಕಡಮೆಯಾಯಿತು!

ಬೆಟ್ಟಗಳ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕಲ್ಲುಗಣಿಗಾರಿಕೆಯಿಂದ ಕಪ್ಪಗಲ್ಲಿನ ನವಶಿಲಾಯುಗದ ರೇಖಾಚಿತ್ರಗಳಿಗೂ, ಬಡಿದರೆ ಗಂಟೆಯಂತೆ ನುಡಿಯುವ ಅಲ್ಲಿಯ ಬಂಡೆಗಳಿಗೂ ಅಪಾಯವೊದಗಿದೆಯೆಂದು ನಿಕೋಲ್ ಬೊಯಿವಿನ್ ಅವರು 2004ರಲ್ಲಿ ಆಂಟಿಕ್ವಿಟಿ ಪತ್ರಿಕೆಯಲ್ಲಿ ಬರೆದಮೇಲೆ ಆ ವಿಷಯ ವಿದೇಶಗಳ ವಿದ್ವಾಂಸರಿಗೂ ತಿಳಿಯಿತು. ಚಿತ್ರಕ್ಕೂ ಗುಡಿಗೂ ಒಬ್ಬರಲ್ಲ ಒಬ್ಬರು ದನಿಯೆತ್ತುತ್ತಾರೆ. ಕಾನೂನಿನ ರಕ್ಷಣೆಯಾದರೂ ಇರುತ್ತದೆ. ಮಾಳಿಗೆಗೆ ಇವೆರಡೂ ಇಲ್ಲ. ಅದು ಯಾರ ಕಾಲದ್ದೆಂದು ಹೇಳುವ ಶಾಸನವಿಲ್ಲ, ಯಾವ ಅರಸನೂ ಅದನ್ನು ಕಟ್ಟಿಸಲಿಲ್ಲ. ಈ ಮನೆಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ನಾನು ಇಷ್ಟು ವರ್ಷ ಬೇಲೂರಿನ ನಕ್ಷೆಯನ್ನು ಬರೆಸಿದೆನೇ ಹೊರತು ಅವರವರ ಮನೆಯ ನಕ್ಷೆಯನ್ನು ಬರೆಸಲಿಲ್ಲ. ಅದನ್ನು ಉಳಿಸುವುದು ನಮ್ಮ ಶಕ್ತಿಗೆ ಮೀರಿದ್ದು. ಅಳೆದು ಬರೆದಿಡುವುದು ಮೀರಿದ್ದಲ್ಲ.

ಅಂದು ಸಂಜೆಯವರೆಗೆ ವಿದ್ಯಾರ್ಥಿಗಳು ಆ ಮನೆಯನ್ನು ಅಳೆದರು. ಇಬ್ಬರು ಏಣಿ ಹತ್ತಿ ಮಾಳಿಗೆಯ ಒಂದು ಮೂಲೆಯನ್ನು ಹಾರೆಯಿಂದ ಮೆಲ್ಲನೆ ಬಿಡಿಸಿ, ಪದರಗಳ ದಪ್ಪವನ್ನು ಗುರುತುಮಾಡಿಕೊಂಡರು. ಚೌಳಿನ ಹೊದಿಕೆ ಒಂದೇ ಪದರವಾಗಿರದೆ, ಪ್ರತಿ ವರ್ಷ ಹಾಕಿದ್ದು ಒಂದರ ಮೇಲೊಂದು ತೆಳ್ಳಗೆ ಕೂತಿರುವುದು ಕಂಡುಬಂತು. ಎಣಿಸಲು ಪ್ರಯತ್ನಿಸಿದೆವು; ಹದಿನಾಲ್ಕರವರೆಗೆ ಸ್ಪಷ್ಟವಾಗಿ ತಿಳಿಯಿತು, ಅದರಿಂದ ಕೆಳಗೆ ಕಲಸಿಹೋಗಿತ್ತು. ಮೇಲಿನ ಮೂರು ಪದರಗಳ ನಡುವೆ ಧೂಳೂ ಕಸವೂ ದಪ್ಪಗೆ ಕೂತಿದ್ದವು. ಅವು ಚೌಳು ಹಾಕದೆ ಬಿಟ್ಟ ವರ್ಷಗಳೆಂದು ಮನೆಯ ಹಿರಿಯರು ಅವನ್ನು ಮುಟ್ಟಿ ನೋಡಿ ಹೇಳಿದರು. ನಕ್ಷೆಯ ಪ್ರತಿಯೊಂದನ್ನು ಆ ಕುಟುಂಬಕ್ಕೆ ಕೊಟ್ಟು ಇನ್ನೊಂದನ್ನು ವಿಭಾಗದಲ್ಲಿ ಇರಿಸಲಾಗಿದೆ. ಹಿಂದಿನ ಎರಡು ಅಂಕಣಗಳ ಜಂತಿಗಳನ್ನು ನಾವು ಹೋಗುವ ಮೊದಲೇ ಇಳಿಸಿ ಮಾರಿದ್ದುದರಿಂದ ನಕ್ಷೆಯಲ್ಲಿ ಆ ಭಾಗವನ್ನು ಚುಕ್ಕಿಗೆರೆಗಳಿಂದ ತೋರಿಸಲಾಗಿದೆ.